ನದೆಯ ಬಳೆ

ಬನಹಟ್ಟಿಯ ಓಣಿಗಳಿಗೆ ಅವುಗಳದೇ ಒಂದು ವಾಸನೆ ಇದೆ. ನೂಲಿಗೆ ಹಾಕುವ ಗಂಜಿ, ಮಗ್ಗಕ್ಕೆ ಬಿಡುವ ಎಣ್ಣೆ, ಬಿಸಿಲಿಗೆ ಕಾದ ತಗಡು, ಎಲ್ಲ ಸೇರಿ ಹುಳಿಹುಳಿಯಾದ ವಾಸನೆ. ಕಳೆದ ವಾರ ಬಸುರಿ ತಂಗಿಯ ಸೀಮಂತದ ಕುಬಸಕ್ಕೆ ಹಸಿರು ಸೀರೆ ತರಲು ಹೋದಾಗ ರಿಕ್ಷಾ ಇಳಿಯುತ್ತಲೇ ಅದು ಮೂಗಿಗೆ ಬಡಿಯಿತು. ನನ್ನ ಬಿ.ಎಡ್.ನ ಎರಡನೆಯ ವರ್ಷ, ಶ್ರಾವಣದಿಂದ ಸಂಕ್ರಾಂತಿಯವರೆಗಿನ ಐದು ತಿಂಗಳು ಕಣ್ಣ ಮುಂದೆ ಬಂದವು. ಆ ಐದು ತಿಂಗಳಲ್ಲಿ ನಾನು ಒಬ್ಬ ಹುಡುಗಿಯ ಬಾಯಿ ಮುಚ್ಚಿಸಿದ್ದೆ. ಅದಕ್ಕೆ ಬೇಕಾಗಿದ್ದು ಒಂದು ಫೋನು ಮತ್ತು ಹನ್ನೆರಡು ಸೆಕೆಂಡಿನ ವಿಡಿಯೊ, ಅಷ್ಟೇ. ಪಶ್ಚಾತ್ತಾಪದಿಂದ ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ. ಪಶ್ಚಾತ್ತಾಪ ಪಡುವವರು ಎಂಟು ವರ್ಷ ಸುಮ್ಮನೆ ಕೂರುವುದಿಲ್ಲ.

ನಮ್ಮ ಕಾಲೇಜು ಜಮಖಂಡಿಯಲ್ಲಿತ್ತು. ನಾನು ಮುಧೋಳದವಳು. ಅಪ್ಪ ಬ್ಯಾಂಕಿನ ನೌಕರಿಯಲ್ಲಿದ್ದುದರಿಂದ ನನ್ನ ಶಾಲೆಯ ಓದೆಲ್ಲ ಹಾಸನ, ಮೈಸೂರಿನ ಕಡೆ ಆಗಿತ್ತು. ಮನೆಯೊಳಗೆ ಮುಧೋಳದ ಮಾತು, ಹೊಸ್ತಿಲು ದಾಟಿದರೆ ಪುಸ್ತಕದ ಮಾತು. ಚಪ್ಪಲಿ ಬದಲಿಸಿದಷ್ಟು ಸಲೀಸಾಗಿ ಎರಡನ್ನೂ ಬದಲಿಸುತ್ತಿದ್ದೆ. ಫೋನು, ಲ್ಯಾಪ್‌ಟಾಪಿನಲ್ಲೂ ಕೈ ಚುರುಕು. ಕಾಲೇಜಿನಲ್ಲಿ ಈ ಎರಡೂ ಇದ್ದವಳು ನಾನೊಬ್ಬಳೇ, ಮತ್ತು ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ವರ್ಷ ತಂತ್ರಜ್ಞಾನದ ವಿಷಯ ಕಲಿಸುತ್ತಿದ್ದ ಪಾಟೀಲ ಸರ್‌ಗೆ ಹೊಸ ಹುರುಪು ಬಂದಿತ್ತು. ಪ್ರತಿಯೊಬ್ಬರೂ ತಮ್ಮ ಪಾಠವನ್ನು ಫೋನಿನಲ್ಲಿ ಚಿತ್ರೀಕರಿಸಬೇಕು, ತಾವೇ ನೋಡಿಕೊಂಡು ತಿದ್ದಿಕೊಳ್ಳಬೇಕು, ಆಮೇಲೆ ‘ಕಲಿಕಾ ಬಳಗ’ ಎಂಬ ವಾಟ್ಸಾಪ್ ಗುಂಪಿಗೆ ಹಾಕಬೇಕು. ಉಳಿದವರು ಎರಡು ಗುಣ, ಒಂದು ದೋಷ ಬರೆಯಬೇಕು. ಇದು ನಿಯಮ.

“ಕನ್ನಡಿ ಇದ್ದಂಗ ಇದು,” ಎನ್ನುತ್ತಿದ್ದರು ಸರ್. “ಮಾರಿ ಹೆಂಗೈತಿ ಹಂಗ ತೋರಸ್ತೈತಿ. ಮಾಸ್ತರ ಆಗಾವ್ರು ಮಾರಿ ನೋಡ್ಕೊಳ್ಳಾಕ ಅಂಜಬಾರದು.”

ಎಲ್ಲರೂ ಎಲ್ಲರಿಗೂ ‘ಸೂಪರ್’ ಎಂದು ಬರೆದು ಚಪ್ಪಾಳೆಯ ಚಿತ್ರ ಒತ್ತಿ ಕೈ ತೊಳೆದುಕೊಳ್ಳುತ್ತಿದ್ದರು. ನಾನು ಮಾತ್ರ ನಿಮಿಷ, ಸೆಕೆಂಡು ಗುರುತು ಹಾಕಿ ತಪ್ಪು ಬರೆಯುತ್ತಿದ್ದೆ. ‘ಏಳನೆಯ ನಿಮಿಷದಲ್ಲಿ ಮಕ್ಕಳಿಗೆ ಬೆನ್ನು ತೋರಿಸಿದ್ದೀರಿ.’ ‘ಒಂದೇ ಹುಡುಗಿಗೆ ನಾಲ್ಕು ಸಲ ಪ್ರಶ್ನೆ ಕೇಳಿದ್ದೀರಿ.’ ಸರ್ ತರಗತಿಯಲ್ಲಿ ನನ್ನನ್ನು ಎದ್ದು ನಿಲ್ಲಿಸಿ, “ಇಷ್ಟ ಮಂದ್ಯಾಗ ಖರೆ ಹೇಳಾಕಿ ಅಂದ್ರ ಈಕಿ ಒಬ್ಬಾಕಿ ನೋಡ್ರಿ,” ಎಂದರು. ಗುಂಪಿನ ಉಸ್ತುವಾರಿ ನನಗೆ ಬಂತು. ಖರೆ ಹೇಳುವುದರಲ್ಲಿ ಒಂದು ರುಚಿ ಇದೆ. ಎದುರಿನವರ ಮುಖ ಸಣ್ಣದಾಗುವುದನ್ನು ನೋಡುವ ರುಚಿ. ನನಗೆ ಅದು ಬೇಗನೆ ಹತ್ತಿತು.

ಭಾರತಿ ತಾನಾಗಿಯೇ ನನ್ನ ಬಳಿ ಬಂದವಳು. ಬನಹಟ್ಟಿಯ ನೇಕಾರರ ಮನೆಯ ಹುಡುಗಿ, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ವಯಸ್ಸಿನಲ್ಲಿ ಇಬ್ಬರೂ ಒಂದೇ ಆದರೂ ಮೊದಲ ದಿನದಿಂದಲೇ ನನ್ನನ್ನು ‘ಅಕ್ಕಾರ’ ಎಂದು ಕರೆದಳು. ನಾನೂ ಬೇಡ ಎನ್ನಲಿಲ್ಲ.

“ಅಕ್ಕಾರ, ನನ್ನ ಮಾತ ಒಂದಿಷ್ಟು ತಿದ್ದಿ ಕೊಡ್ರಿ. ಪಾಠ ಮಾಡೂಮುಂದ ನಾ ಮನಿ ಅಂದ್ರ, ಸಾಲಿ ಅಂದ್ರ ಸರ್ ನಗ್ತಾರ್ರಿ. ಪುಸ್ತಕದಾಗ ಇದ್ದಂಗ ಮಾತಾಡಾಕ ಬರಬೇಕು ನನಗ.”

ಆಗ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಅಷ್ಟೇ. ನಿಂತ ನಿಲುವಿನಲ್ಲೇ ಎರಡು ಮಾತು ಹೇಳಿದೆ. “ಫೋನಿನ ಮೈಕ್ ಒತ್ತಿ ಮಾತಾಡು. ಅದು ಬರಕೊಂತ ಹೊಕ್ಕೈತಿ. ಅದು ಸರಿ ಬರದ್ರ ನೀ ಸರಿ ಅಂದಂಗ. ಇನ್ನ ಶಬ್ದದ ಕಡೀಗೆ ಇ ಬಂದಲ್ಲಿ ಎ ಹಚ್ಚು. ಮನಿ ಅಲ್ಲ ಮನೆ, ಸಾಲಿ ಅಲ್ಲ ಶಾಲೆ, ಕೈಯಾಗಿನ ಬಳಿ ಅಲ್ಲ, ಬಳೆ. ಇಷ್ಟ ನೋಡು.”

ಅವಳು ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಳು. ಕೆಳಗೆ ಎರಡು ಗೆರೆ ಎಳೆದಳು.

ಅವಳ ಮನೆಯಲ್ಲಿ ನಾಲ್ಕು ಮಗ್ಗ. ಕರೆಂಟ್ ಇದ್ದಷ್ಟು ಹೊತ್ತು ಖಟಖಟ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಫೋನಿಗೆ ಏನು ಕೇಳೀತು? ಹಾಗಾಗಿ ಕರೆಂಟ್ ಹೋಗುವುದನ್ನೇ ಕಾಯುತ್ತಿದ್ದಳಂತೆ. ಮಗ್ಗ ನಿಂತ ಕೂಡಲೇ ಅಪ್ಪ, ಅಣ್ಣ ಕರೆಂಟಿನವರಿಗೆ ಹಿಡಿಶಾಪ ಹಾಕಿದರೆ ಇವಳು ಫೋನು ಹಿಡಿದು ಓಡಿ ಹಿತ್ತಲಿನಲ್ಲಿ ಕೂತು, ‘ನಾನು ಶಾಲೆಗೆ ಹೋಗುತ್ತೇನೆ, ಇದು ನಮ್ಮ ಮನೆ’ ಎಂದು ಹೇಳಿಕೊಳ್ಳುತ್ತಿದ್ದಳು. ಆ ಮಳೆಗಾಲದಲ್ಲಿ ಕರೆಂಟ್ ಬಹಳ ಸಲ ಹೋಯಿತು. ಅವಳ ಅಭ್ಯಾಸವೂ ಬಹಳವಾಯಿತು. ಗಣೇಶ ಚೌತಿಯ ಹೊತ್ತಿಗೆ ಅವಳ ಬಾಯಲ್ಲಿ ಒಂದೂ ‘ಮನಿ’, ಒಂದೂ ‘ಸಾಲಿ’ ಉಳಿಯಲಿಲ್ಲ.

ಆದರೆ ಬೇರೊಂದು ಶುರುವಾಯಿತು. ನಾನು ಕೊಟ್ಟ ನಿಯಮಕ್ಕೆ ನಾನು ಮಿತಿ ಹಾಕಿರಲಿಲ್ಲ. ಕೊನೆಗೆ ಇ ಬಂದಲ್ಲೆಲ್ಲ ಅವಳು ಎ ಹಚ್ಚಿದಳು. ಹಕ್ಕಿ ಹಕ್ಕೆಯಾಯಿತು, ಭೂಮಿ ಭೂಮೆಯಾಯಿತು, ನರಿ ನರೆಯಾಯಿತು. ನೋಡಿ ಓದುವಾಗ ತಪ್ಪುತ್ತಿರಲಿಲ್ಲ. ಪುಸ್ತಕ ಮುಚ್ಚಿ ಮಾತಾಡಿದರೆ ನಾಲಿಗೆ ತಾನೇ ಹೊರಳುತ್ತಿತ್ತು. ಒಂದು ದಿನ ನನ್ನ ಮುಂದೆಯೇ ಫೋನು ಹಿಡಿದು, “ಹಕ್ಕೆಯು ಗೂಡಿನಲ್ಲಿದೆ, ನದೆಯು ತುಂಬಿದೆ,” ಎಂದಳು. ಫೋನಿನ ಪರದೆಯ ಮೇಲೆ ‘ಹಕ್ಕಿಯು ಗೂಡಿನಲ್ಲಿದೆ, ನದಿಯು ತುಂಬಿದೆ’ ಎಂದು ಬಂತು.

“ನೋಡ್ರಿ ಅಕ್ಕಾರ, ಒಂದೂ ತಪ್ಪಿಲ್ಲ!”

ನನಗೆ ಕೂಡಲೇ ತಿಳಿಯಿತು. ಫೋನು ಅವಳ ತಪ್ಪನ್ನು ಕೇಳಿಸಿಕೊಂಡು, ಇವಳು ಹೇಳಬೇಕೆಂದಿದ್ದು ಇದೇ ಇರಬೇಕೆಂದು ಊಹಿಸಿ ಸರಿ ಮಾಡಿ ಬರೆಯುತ್ತಿತ್ತು. ಅವಳು ಪರದೆ ನೋಡುತ್ತಿದ್ದಳೇ ಹೊರತು ತನ್ನ ಬಾಯಿಗೆ ಕಿವಿ ಕೊಡುತ್ತಿರಲಿಲ್ಲ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು, “ಛಲೋ ಆತು, ಹಿಂಗಽ ಮುಂದುವರಸು,” ಎಂದೆ. ಒಳಗೊಳಗೇ ನಗು ಬರುತ್ತಿತ್ತು. ಇದು ಎಲ್ಲಿಯವರೆಗೆ ಹೋಗುತ್ತದೋ ನೋಡೋಣ ಅನ್ನಿಸಿತ್ತು.

ದಸರೆ ಮುಗಿದ ಮೇಲೆ ನಮ್ಮಲ್ಲಿ ಆರು ಜನರನ್ನು ಬನಹಟ್ಟಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಪಾಠದ ಅಭ್ಯಾಸಕ್ಕೆ ಹಾಕಿದರು. ಕಬ್ಬಿನ ಹಂಗಾಮು ಶುರುವಾಗಿತ್ತು. ಮುಧೋಳದ ರಸ್ತೆಯ ತುಂಬ ಕಬ್ಬು ಹೇರಿದ ಎರಡೆರಡು ಟ್ರೇಲರ್ ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಒಂದೊಂದರಲ್ಲೂ ಕಿವಿ ಹರಿಯುವ ಹಾಡು. ಬಸ್ಸು ಅವುಗಳ ಹಿಂದೆ ತೆವಳಿ ನಾನು ದಿನವೂ ಬೆವರಿ, ಸಿಟ್ಟಾಗಿ ಶಾಲೆ ಮುಟ್ಟುತ್ತಿದ್ದೆ. ಭಾರತಿ ಮನೆಯಿಂದ ಹತ್ತು ನಿಮಿಷ ನಡೆದು ಬರುತ್ತಿದ್ದಳು.

ನನ್ನ ಪಾಠಗಳು ನೋಡುವಂತಿದ್ದವು. ಪ್ರೊಜೆಕ್ಟರು, ಬಣ್ಣದ ಸ್ಲೈಡು, ಆನ್‌ಲೈನ್ ರಸಪ್ರಶ್ನೆ. ಹೊರ ರಾಜ್ಯದ ಶಿಕ್ಷಕರ ವಿಡಿಯೊಗಳನ್ನು ನೋಡಿ ಅವರಂತೆ ಕೈ ಆಡಿಸುವುದನ್ನೂ ಕಲಿತಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯರು ಸದ್ದಿಲ್ಲದೆ ಕೂತು ನೋಡುತ್ತಿದ್ದರು, ಗಂಟೆ ಹೊಡೆದರೆ ಸದ್ದಿಲ್ಲದೆ ಏಳುತ್ತಿದ್ದರು. ಭಾರತಿಯ ತರಗತಿಯಲ್ಲಿ ಮಾತ್ರ ಗದ್ದಲ. ಪಾಠ ಶುರುವಾಗಿ ಐದು ನಿಮಿಷಕ್ಕೆ ಅವಳು ತನ್ನ ಫೋನಿನ ಕನ್ನಡ ಮರೆತು, “ಏ ಹುಡುಗ್ಯಾರ, ಇಲ್ಲಿ ನೋಡ್ರಿಲೇ,” ಎಂದು ಓಣಿಯ ಮಾತಿಗೆ ಇಳಿಯುತ್ತಿದ್ದಳು. ಆಮೇಲೆ ಹುಡುಗಿಯರು ಅವಳನ್ನು ಬಿಡುತ್ತಿರಲಿಲ್ಲ.

ಮುಖ್ಯೋಪಾಧ್ಯಾಯಿನಿ ದೇಸಾಯಿ ಮೇಡಂ ಬಾಗಿಲಲ್ಲಿ ನಿಂತು ಇದನ್ನೆಲ್ಲ ಗಮನಿಸುತ್ತಿದ್ದರು. ಒಂದು ದಿನ ಚಹಾ ಕುಡಿಯುವಾಗ ನಮ್ಮೆಲ್ಲರ ಎದುರಿಗೇ, “ಜೂನಿಗೆ ನಮಗ ಒಬ್ರು ಕನ್ನಡ ಟೀಚರ್ ಬೇಕು. ಆ ಭಾರತೀನ್ನ ತಗೋಬೇಕಂತ ಮಾಡೇನಿ. ಕಡೀ ಪಾಠ ಒಂದು ಛಲೋ ಆಗ್ಲಿ,” ಎಂದರು.

ಅವಳಿಗೆ ಆ ನೌಕರಿ ಬೇಕೇ ಬೇಕಿತ್ತು. ಸೋದರಮಾವನ ಮನೆಯವರು ಮದುವೆಗೆ ಬೆನ್ನು ಹತ್ತಿದ್ದರು. ನೌಕರಿ ಸಿಕ್ಕರೆ ಎರಡು ವರ್ಷ ತಡೆಯುತ್ತೇನೆ, ಇಲ್ಲದಿದ್ದರೆ ಈ ಬೇಸಿಗೆಯಲ್ಲೇ ಅಕ್ಷತೆ ಎಂದು ಅಪ್ಪ ಹೇಳಿದ್ದರಂತೆ. ಇದನ್ನು ಅವಳೇ ನನ್ನ ಕೈ ಹಿಡಿದುಕೊಂಡು ಹೇಳಿದ್ದಳು. ನನಗೆ ಆ ನೌಕರಿ ಬೇಕಿರಲಿಲ್ಲ. ಅವಳಿಗೆ ಸಿಗಬಾರದಿತ್ತು. ಸ್ಲೈಡು ಮಾಡಿದವಳು ನಾನು, ತಿದ್ದಿದವಳು ನಾನು, ಮೇಡಂ ಬಾಯಲ್ಲಿ ಹೆಸರು ಅವಳದ್ದು. ಹೊಟ್ಟೆಕಿಚ್ಚು ಎಂಬುದಕ್ಕೆ ಬೇರೆ ಹೆಸರು ಹುಡುಕುವ ಅಗತ್ಯ ನನಗಿಲ್ಲ.

ದೀಪಾವಳಿಯ ನಂತರದ ವಾರ ಅವಳು ಕೃಷ್ಣೆಯ ಬಗ್ಗೆ ಪಾಠ ಮಾಡಿದಳು. ಚಿತ್ರೀಕರಿಸುವ ಸರದಿ ನನ್ನದು. ಶುರುವಿನಲ್ಲೇ, ಉಸಿರು ಬಿಗಿಹಿಡಿದು, “ಮಕ್ಕಳೆ, ಕೃಷ್ಣಾ ನದೆಯ ಬಳೆ ಅನೇಕ ಊರುಗಳಿವೆ,” ಎಂದಳು. ಹತ್ತಿರ ಎನ್ನುವುದಕ್ಕೆ ನಮ್ಮ ಕಡೆ ಯಾರೂ ‘ಬಳಿ’ ಎನ್ನುವುದಿಲ್ಲ. ಅವಳಿಗೆ ಗೊತ್ತಿದ್ದ ಬಳಿ ಕೈಗೆ ಹಾಕಿಕೊಳ್ಳುವುದೊಂದೇ, ಅದನ್ನು ಬಳೆ ಎನ್ನಬೇಕೆಂದು ಹೇಳಿಕೊಟ್ಟವಳು ನಾನು. ಹುಡುಗಿಯರು ಅದನ್ನು ಗಮನಿಸಲೂ ಇಲ್ಲ. ಮೂರನೆಯ ಬೆಂಚಿನ ಒಬ್ಬಳು ಎದ್ದು, “ಟೀಚರ್ರೀ, ನಮ್ಮವ್ವನ ತವರಮನಿ ಬೀಳಗಿ ಕಡೇದ್ರಿ. ಅದು ಈಗ ನೀರಾಗ ಐತ್ರಿ,” ಎಂದಳು. ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರು. ಭಾರತಿ ಚಾಕ್‌ಪೀಸ್ ಕೆಳಗಿಟ್ಟು ಹೋಗಿ ಅವಳ ಪಕ್ಕ ಬೆಂಚಿನಲ್ಲಿ ಕೂತಳು. “ಮನ್ಯಾಗ ಏನೇನಿತ್ತಂತ ಅವ್ವ ಹೇಳ್ತಾಳವಾ?” ಎಂದು ಕೇಳಿದಳು. ಹುಡುಗಿ ಹೇಳುತ್ತ ಹೋದಳು. ನಡುಮನೆ, ಬಾಗಿಲ ಮುಂದಿನ ಬೇವಿನ ಮರ, ನೆಲದೊಳಗೆ ಕಾಳು ತುಂಬಿಡುವ ಹಗೇವು. ಇನ್ನೊಬ್ಬಳು ಎದ್ದಳು, ಮತ್ತೊಬ್ಬಳು ಎದ್ದಳು. ಇಡೀ ತರಗತಿ ಮುಳುಗಿದ ಊರನ್ನು ಕರಿಹಲಗೆಯ ಮೇಲೆ ಬರೆದು ಎತ್ತಿ ನಿಲ್ಲಿಸಿತು. ನಲವತ್ತು ನಿಮಿಷ. ಅಂಥ ಪಾಠವನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಬಸ್ಸಿನಲ್ಲಿ ಕೂತು ಆ ವಿಡಿಯೊದಿಂದ ಹನ್ನೆರಡು ಸೆಕೆಂಡು ಕತ್ತರಿಸಿದೆ. ‘ನದೆಯ ಬಳೆ’ ಎಂಬುದು ಮೂರು ಸಲ ಬರುವಂತೆ ಜೋಡಿಸಿದೆ. ಗುಂಪಿಗೆ ಹಾಕಿದೆ. ನಿಯಮ ಮುರಿಯಲಿಲ್ಲ. ಗುಣ ಒಂದು, ಕರಿಹಲಗೆಯ ಬರವಣಿಗೆ ಸುಂದರ. ಗುಣ ಎರಡು, ಮಕ್ಕಳೊಂದಿಗೆ ಆತ್ಮೀಯತೆ. ದೋಷ ಒಂದು, ಉಚ್ಚಾರ. ಮಾದರಿಗಾಗಿ ಈ ತುಣುಕು ನೋಡಿ.

ಐದು ನಿಮಿಷದಲ್ಲಿ ನಗುವ ಮುಖಗಳು ಸಾಲುಗಟ್ಟಿದವು. ಒಂದು ಪಾಟೀಲ ಸರ್‌ದು. ಯಾರೋ ‘ಭಾರತೆ ಟೀಚರ್‌ಗೆ ಜೈ’ ಎಂದು ಬರೆದರು. ಅದೆಲ್ಲದರ ಕೆಳಗೆ ಭಾರತಿಯ ಉತ್ತರ ಬಂತು: ‘ಧನ್ಯವಾದಗಳು ಅಕ್ಕಾರ. ತಿದ್ದಿಕೊಳ್ಳುತ್ತೇನೆ.’ ಕೈ ಮುಗಿದ ಚಿತ್ರ.

ನಮ್ಮವರಲ್ಲಿ ಯಾರೋ ಅದನ್ನು ಸ್ಟೇಟಸ್‌ಗೆ ಇಟ್ಟರು. ಬನಹಟ್ಟಿಯೇನು ದೊಡ್ಡ ಊರೇ? ಎರಡು ದಿನಕ್ಕೆ ತುಣುಕು ಒಂಬತ್ತನೆಯ ತರಗತಿ ಮುಟ್ಟಿತು. ಅವಳನ್ನು ಅಷ್ಟು ಹಚ್ಚಿಕೊಂಡಿದ್ದ ಹುಡುಗಿಯರೇ, ಅವಳು ಒಳಗೆ ಬಂದು ಬಾಯಿ ತೆರೆದರೆ ಸಾಕು, ಕೈ ಎತ್ತಿ ಗಾಜಿನ ಬಳೆಗಳನ್ನು ಝಲ್ಲೆಂದು ಅಲ್ಲಾಡಿಸುತ್ತಿದ್ದರು. ಮಕ್ಕಳು ದಯೆಯುಳ್ಳವರು ಎಂದು ಹೇಳುವವರು ಒಂಬತ್ತನೆಯ ತರಗತಿಗೆ ಹೋಗಿರುವುದಿಲ್ಲ.

ಕೊನೆಯ ಪಾಠಕ್ಕೆ ನಾಲ್ಕು ದಿನ ಇರುವಾಗ ಭಾರತಿ ನನ್ನನ್ನು ಬಸ್ ನಿಲ್ದಾಣದವರೆಗೆ ಹಿಂಬಾಲಿಸಿ ಬಂದಳು. “ಅಕ್ಕಾರ, ಯಾವ ಶಬ್ದಕ್ಕ ಇ, ಯಾವ ಶಬ್ದಕ್ಕ ಎ, ಒಂದ ಪಟ್ಟಿ ಮಾಡಿ ಕೊಡ್ರಿ. ಬಾಯಿಪಾಠ ಮಾಡ್ತೀನಿ. ಫೋನು ಎಲ್ಲಾ ಸರಿ ಅಂತ ತೋರಸ್ತೈತ್ರಿ, ಮಂದಿ ಯಾಕ ನಗಾಕತ್ತಾರ ನನಗ ತಿಳೀವಲ್ದು.”

ಹತ್ತು ನಿಮಿಷದ ಕೆಲಸ. “ಎಲ್ಲಾ ಶಬ್ದಕೋಶದ ಆಪ್‌ನಾಗ ಸಿಗ್ತೈತಿ, ಹುಡುಕು,” ಎಂದು ಬಸ್ಸು ಹತ್ತಿದೆ.

ಪರೀಕ್ಷಕರು ಬೀಳಗಿಯಿಂದ ಬಂದಿದ್ದರು. ಸಂಕ್ರಾಂತಿಯ ಹಿಂದಿನ ವಾರದ ಚಳಿಯ ಬೆಳಗು. ದೇಸಾಯಿ ಮೇಡಂ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ನಾನು ಹಿಂದೆ ನಿಂತು ಚಿತ್ರೀಕರಿಸುತ್ತಿದ್ದೆ. ಭಾರತಿ ಇಸ್ತ್ರಿ ಮಾಡಿದ ಸೀರೆಯಲ್ಲಿ ಬಂದು, “ಮಕ್ಕಳೆ, ಇಂದು ನಾವು...” ಎಂದು ನಿಂತಳು. ಮುಂದಿನ ಶಬ್ದ ಭೂಮಿ. ಅವಳ ತುಟಿ ಅದಕ್ಕೆ ಸಿದ್ಧವಾದದ್ದು ನನಗೆ ಕಂಡಿತು. “ಭೂ...” ಎಂದಳು. ಅಲ್ಲಿಗೆ ನಿಂತಿತು. ತನ್ನ ಮಾತಿಗೆ ಹಿಂತಿರುಗಲು ನಾಚಿಕೆ, ಪುಸ್ತಕದ ಮಾತಿಗೆ ಹೋಗಲು ಹೆದರಿಕೆ. ನನ್ನ ಕಡೆ ನೋಡಿದಳು, ಸಹಾಯ ಕೇಳುವವಳ ಹಾಗೆ. ನಾನು ಫೋನಿನಲ್ಲಿ ಚಿತ್ರವನ್ನು ಇನ್ನೊಂದಿಷ್ಟು ಹಿಗ್ಗಿಸಿ ಅವಳ ಮುಖ ಹಿಡಿದೆ.

ಹಿಂದಿನ ಬೆಂಚಿನಲ್ಲಿ ಒಂದು ಕೈ ಬಳೆ ಅಲ್ಲಾಡಿಸಿತು. ಆಮೇಲೆ ಇನ್ನೊಂದು. ಆಮೇಲೆ ಇಡೀ ತರಗತಿ. ಮೇಡಂ ತಿರುಗಿ ಗದರಿದಾಗ ಸದ್ದು ನಿಂತಿತು. ಭಾರತಿ ಕರಿಹಲಗೆಯ ಕಡೆ ತಿರುಗಿ ಬರೆಯತೊಡಗಿದಳು. ಪಾಠವನ್ನೆಲ್ಲ ಬರೆದಳು, ಪ್ರಶ್ನೆಗಳನ್ನೂ ಬರೆದಳು, ಮನೆಗೆಲಸವನ್ನೂ ಬರೆದಳು. ಒಂದೂ ಅಕ್ಷರ ತಪ್ಪಿರಲಿಲ್ಲ. ಗಂಟೆ ಹೊಡೆಯುವವರೆಗೆ ಅವಳ ಬಾಯಿಂದ ಒಂದು ಮಾತೂ ಬರಲಿಲ್ಲ.

“ಮಾತಽ ಬರದಾಕಿನ್ನ ಟೀಚರ್ ಅಂತ ಹೆಂಗ ತಗೊಳ್ಳೂದ್ರಿ?” ಎಂದು ಪರೀಕ್ಷಕರು ಹೊರಗೆ ಬಂದು ಕೇಳಿದ್ದು ನಮಗೆಲ್ಲ ಕೇಳಿಸಿತು. ಅವಳಿಗೂ ಕೇಳಿಸಿತು. ನೌಕರಿಯನ್ನು ಮೇಡಂ ನನಗೆ ಕೊಡುತ್ತೇನೆಂದರು. ಮುಧೋಳದಿಂದ ದೂರವಾಗುತ್ತದೆ, ಒಲ್ಲೆ ಎಂದೆ. ಏಪ್ರಿಲ್‌ನಲ್ಲಿ ಗುಂಪಿಗೆ ಭಾರತಿಯ ಮದುವೆಯ ಕಾರ್ಡು ಬಂತು. ಎಲ್ಲರ ಹಾಗೆ ನಾನೂ ಹೂವಿನ ಚಿತ್ರ ಒತ್ತಿದೆ.

ಈಗ ನಾನು ಸರ್ಕಾರಿ ಹೈಸ್ಕೂಲಿನ ಶಿಕ್ಷಕಿ. ಹೊಸ ಶಿಕ್ಷಕರಿಗೆ ತಂತ್ರಜ್ಞಾನ ಬಳಸಿ ತಮ್ಮನ್ನು ತಾವೇ ಬೆಳೆಸಿಕೊಳ್ಳುವುದು ಹೇಗೆ ಎಂದು ತರಬೇತಿಯನ್ನೂ ಕೊಡುತ್ತೇನೆ. ಎಲ್ಲಿ ಹೋದರೂ ಆ ತುಣುಕು ತೋರಿಸುತ್ತೇನೆ. ಉಚ್ಚಾರದೋಷಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ. ಮುಖ ಮಸುಕು ಮಾಡಿದ್ದೇನೆ, ನಾನೇನು ರಾಕ್ಷಸಿಯಲ್ಲ. ಸಭೆ ಪ್ರತಿ ಸಲವೂ ನಗುತ್ತದೆ, ಊಟದ ನಂತರದ ತೂಕಡಿಕೆ ಹೋಗುತ್ತದೆ.

ಕಳೆದ ವಾರ ಸೀರೆ ನೋಡಲು ಹೋದ ಮನೆಯ ಪಡಸಾಲೆಯಲ್ಲಿ ಒಬ್ಬಳು ರಾಟೆಯ ಮುಂದೆ ಕೂತು ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ತಲೆ ಎತ್ತಿ ನೋಡಿದವಳೇ ಎದ್ದು ಬಂದಳು.

“ಅಕ್ಕಾರ! ಗುರ್ತ ಹತ್ತಲಿಲ್ಲೇನ್ರಿ? ನಾ ಭಾರತಿ.”

ಅವಳ ಮುಖದಲ್ಲಿ ನನ್ನನ್ನು ಕಂಡ ಸಂತೋಷ ಬಿಟ್ಟು ಬೇರೇನೂ ಇರಲಿಲ್ಲ. ಎಷ್ಟು ಹುಡುಕಿದರೂ ಇರಲಿಲ್ಲ. ಚಹಾ ಮಾಡಿ ತಂದಳು. ಎರಡನೆಯ ತರಗತಿಯಲ್ಲಿ ಓದುವ ಮಗಳನ್ನು ಎಳೆದು ತಂದು ಮುಂದೆ ನಿಲ್ಲಿಸಿದಳು. “ಹೇಳ್ತಿದ್ನಲ್ಲ, ಇವರಽ ನೋಡು. ಅಷ್ಟ ಮಂದ್ಯಾಗ ನನ್ನ ಮಾತ ತಿದ್ದಾಕ ಬಂದಾವ್ರು ಇವರೊಬ್ರ.”

ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. “ನಮ್ಮವ್ವ ಸಾಲ್ಯಾಗ ಕಲಸಿದ್ದು ಖರೇನ್ರಿ?”

“ಖರೆ,” ಎಂದೆ.

“ಅಪ್ಪ ಸುಳ್ಳ ಅಂತಾನ.”

ಭಾರತಿ ನಕ್ಕು, ಸೆರಗಿಗೆ ಕೈ ಒರೆಸಿಕೊಂಡು ನನ್ನ ಹತ್ತಿರ ಕೂತಳು. “ಆವತ್ತಿನ ಕೃಷ್ಣಾ ಹೊಳಿ ಪಾಠ ನೀವಽ ಹಿಡದಿದ್ರಲ್ರಿ, ಪೂರ್ತಿ. ಅದು ಐತೇನ್ರಿ ನಿಮ್ಮ ಕಡೆ? ನನ್ನ ಕಡೆ ಒಂದೂ ಉಳದಿಲ್ಲ. ಇಕಿಗೆ ಒಮ್ಮೆ ತೋರಸಬೇಕಂತ ಭಾಳ ಆಸೇರಿ.”

ಹನ್ನೆರಡು ಸೆಕೆಂಡು ಕತ್ತರಿಸಿಕೊಂಡ ಮೇಲೆ ಉಳಿದ ನಲವತ್ತು ನಿಮಿಷವನ್ನು ಅದೇ ಬಸ್ಸಿನಲ್ಲಿ ಅಳಿಸಿದ್ದೆ. ಫೋನಿನಲ್ಲಿ ಜಾಗ ಇರಲಿಲ್ಲ. “ಇಲ್ಲವಾ,” ಎಂದೆ. “ಹಳೇ ಫೋನ್ ಕೆಟ್ಟು ಹೋತು.”

“ಚೂರರೆ ಇಲ್ಲೇನ್ರಿ?” ಹುಡುಗಿ ಕೇಳಿತು. “ಸಣ್ಣದಿದ್ರೂ ನಡೀತೈತ್ರಿ.”

ಫೋನು ನನ್ನ ಕೈಯಲ್ಲೇ ಇತ್ತು. “ಇಲ್ಲ,” ಎಂದೆ.

ಹುಡುಗಿ ಅವ್ವನ ಕಡೆ ತಿರುಗಿತು. “ನೀನೂ ಕಲಸೇನಿ ಅಂತಿ, ಇವರೂ ಕಲಸ್ಯಾಳ ಅಂತಾರ. ತೋರಸ್ರಿ ಅಂದ್ರ ಯಾರ ಕಡೇನೂ ಇಲ್ಲ. ಅಪ್ಪ ಹೇಳೂದಽ ಖರೆ ಬಿಡವಾ,” ಎಂದು ಆಡಲು ಓಡಿತು.

ಭಾರತಿ ಅವಳನ್ನು ಕರೆಯಲಿಲ್ಲ. ಚಹಾ ಆರುತ್ತದೆ ಕುಡಿಯಿರಿ ಎಂದು ನನಗೆ ಕೈಯಿಂದ ತೋರಿಸಿ, ಹೋಗಿ ರಾಟೆಯ ಮುಂದೆ ಕೂತಳು.